ಸೌಟು ಹಿಡಿದವರಿಗೂ ಸ್ಟಿಯರಿಂಗ್ ಹಿಡಿದವರಿಗೂ

ಸಮುದಾಯ ಆರೋಗ್ಯ ಕಾರ್ಯಕ್ಕೆ ಹೊಸದಾಗಿ ಕಾಲಿಟ್ಟಿರುವ ಕಿರಿಯರಿಗೆ,

ವಲಸಿಗರ ನಡುವೆ ಆರೋಗ್ಯದ ತಿಳಿವಳಿಕೆ ಹಂಚಹೊರಟವರು, ಕೇಳಿದ ಬುದ್ಧಿಮಾತನ್ನು ಮನೆಯಲ್ಲಿ ನಡೆಸುವ ಬಿಡುವು, ಹಣ ಮತ್ತು ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ವಿಚಾರಿಸಬೇಕು. ಗಂಡಸರಿಗೂ ಹೆಂಗಸರಿಗೂ ಇರುವ ವ್ಯತ್ಯಾಸ ಅರಿವಿಗಿಂತ ಹೆಚ್ಚಾಗಿ ಅಲ್ಲಿಯೇ ಇದೆ.

ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ನೆಲೆಸಿರುವ ಬಾಂಗ್ಲಾದೇಶಿ ಕುಟುಂಬಗಳಲ್ಲಿ ಇದು ಎದ್ದು ಕಾಣುತ್ತದೆ. ಟ್ಯಾಕ್ಸಿ ಓಡಿಸುವ ಗಂಡಸು ದಿನದ ಹತ್ತು ಹನ್ನೆರಡು ಗಂಟೆ ಸೀಟಿನಲ್ಲೇ ಕುಳಿತು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲವೆಂದು ನೀರನ್ನೂ ಕಡಿಮೆ ಕುಡಿಯುತ್ತಾನೆ. ಹಗಲಿನ ತರಗತಿಗೆ ಬಂದರೆ ಆ ದಿನದ ಸಂಪಾದನೆ ತಪ್ಪುತ್ತದೆ. ಅವನ ಮೈ ತೆಳ್ಳಗೆ ಕಂಡರೂ ಸಕ್ಕರೆ ಕಾಯಿಲೆ ಇಲ್ಲವೆಂದು ನಂಬುವಂತಿಲ್ಲ. ದೇಹತೂಕ ಸೂಚ್ಯಂಕ, ಅಂದರೆ ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ, 25ರ ಬದಲು 23 ಮುಟ್ಟಿದರೇ ಏಷ್ಯಾ ಮೂಲದವರಿಗೆ ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ಹೇಳಿತು. ಹೆಂಗಸಿನ ತೊಡಕು ಬೇರೆ. ಬಸಿರಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯನ್ನು ಗರ್ಭಾವಸ್ಥೆಯ ಮಧುಮೇಹ ಎನ್ನುತ್ತಾರೆ. ಅದು ಬಂದವಳು ಹೆರಿಗೆಯ ನಂತರ 4ರಿಂದ 12 ವಾರಗಳೊಳಗೆ ಮತ್ತೆ ಪರೀಕ್ಷೆಗೆ ಹೋಗಬೇಕಾದರೂ, ಎಲ್ಲರ ಕಣ್ಣು ಕೂಸಿನ ಮೇಲಿರುವ ಆ ದಿನಗಳಲ್ಲಿ, ತವರು ದೂರವಾದ ಬಾಣಂತಿಗೆ ಅದನ್ನು ನೆನಪಿಸುವವರೇ ಇರುವುದಿಲ್ಲ.

ಇದಕ್ಕಿಂತ ನೋವಿನದು ಮಾತಿನ ಪ್ರಶ್ನೆ. ಇಂಗ್ಲಿಷ್ ಬಾರದ ತಾಯಿ ಮುಟ್ಟಿನ ತೊಂದರೆಯನ್ನೋ ಬಿಳಿಸೆರಗನ್ನೋ ಡಾಕ್ಟರಿಗೆ ಹೇಳಬೇಕಾದಾಗ ನಡುವೆ ಹತ್ತು ವರ್ಷದ ಮಗ ನಿಂತಿದ್ದರೆ, ಅವಳು ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಎದ್ದುಬರುತ್ತಾಳೆ. ಕೇಂದ್ರ ಸರ್ಕಾರದ ಹಣ ಪಡೆಯುವ ಆರೋಗ್ಯ ಸಂಸ್ಥೆಗಳು, ತುರ್ತು ಸಂದರ್ಭವನ್ನು ಬಿಟ್ಟರೆ, ಮಕ್ಕಳನ್ನು ದುಭಾಷಿಗಳಾಗಿ ನೆಚ್ಚಬಾರದೆಂದು ಅಮೆರಿಕದಲ್ಲಿ 2016ರಲ್ಲೇ ನಿಯಮವಾಗಿದೆ. ಈ ಹಕ್ಕನ್ನು ಹೆಂಗಸರ ಕಿವಿಗೆ ಮುಟ್ಟಿಸುವುದು ಯಾವ ಪಥ್ಯಕ್ಕಿಂತಲೂ ಮೊದಲಿನ ಪಾಠ.

ನ್ಯೂಯಾರ್ಕ್‌ನಲ್ಲಿ ಸಕ್ಕರೆ ಕಾಯಿಲೆಯುಳ್ಳ ಬಾಂಗ್ಲಾದೇಶಿಗಳಿಗಾಗಿ ನಡೆದ ‘ಡ್ರೀಮ್’ ಯೋಜನೆಯಲ್ಲಿ, ಅದೇ ಸಮುದಾಯದಿಂದ ಬಂದು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಿಂಗಳಿಗೊಂದರಂತೆ ಐದು ಗುಂಪು ಪಾಠಗಳ ಜೊತೆಗೆ ಒಬ್ಬೊಬ್ಬರನ್ನೂ ಬೇರೆಯಾಗಿ ಭೇಟಿಯಾಗುತ್ತಿದ್ದರು. ಸಂಕೋಚದ ಮಾತಿಗೆ ಇಂಥ ಪ್ರತ್ಯೇಕ ಭೇಟಿ ಬೇಕೇ ಬೇಕು. ಆದರೆ ಊಟದ ಪಾಠವನ್ನು ಅಡುಗೆ ಮಾಡುವವಳಿಗೆ ಮಾತ್ರ ಹೇಳಿಕೊಟ್ಟರೆ, ಅನ್ನ ಕಡಿಮೆಯಾದ ತಟ್ಟೆಗೂ ಎಣ್ಣೆ ಇಳಿದ ಮೀನುಸಾರಿಗೂ ಗಂಡ ಮುಖ ಸಿಂಡರಿಸಿದಾಗ ಹೊಣೆಯೆಲ್ಲ ಅವಳ ತಲೆಗೇ ಬರುತ್ತದೆ. ಅರ್ಧ ತಟ್ಟೆ ತರಕಾರಿ, ಕಾಲು ಅನ್ನ, ಇನ್ನುಳಿದ ಕಾಲು ಮೀನು ಅಥವಾ ಬೇಳೆ ಎಂದು ಬಡಿಸಿ ತೋರಿಸುವ ಹೊತ್ತಿಗೆ ಅವನೂ ಪಕ್ಕದಲ್ಲಿ ಕುಳಿತಿರಬೇಕು. ಅದಕ್ಕಾಗಿ ತರಗತಿಯನ್ನು ಅವನ ಪಾಳಿ ಮುಗಿಯುವ ರಾತ್ರಿಗೆ ಇಟ್ಟುಕೊಳ್ಳಬೇಕಾದರೂ ಸರಿಯೇ.

ಇತಿ,
ಹಿತೈಷಿ