ಬಂದಳಿಕೆಯೋ, ಮರಬಾಳೆಯೋ?

ಮಣ್ಣಿನ ಹಂಗಿಲ್ಲದೆ, ಮರದ ಕೊಂಬೆಯನ್ನು ಅಪ್ಪಿಕೊಂಡು ಮಳೆಯ ನೀರಿನಿಂದಲೂ ಗಾಳಿಯ ತೇವದಿಂದಲೂ ಬಾಳುವ ಸಸ್ಯಗಳಿಗೆ ಅಪ್ಪುಗಿಡಗಳೆಂದು ಹೆಸರು. ಚಿಕ್ಕಯ್ಯನಛತ್ರದ ಸುತ್ತಿನ ಹಳೆಯ ಮಾವಿನ ಮರಗಳಲ್ಲಿ ಇಂಥದೊಂದನ್ನು ನಾನು ನೋಡಿದ್ದೇನೆ. ಅದೇ ಮರಬಾಳೆ, ಶಾಸ್ತ್ರದ ಹೆಸರು ವಾಂಡಾ ಟೆಸ್ಸಲೇಟಾ. ಇದು ಆರ್ಕಿಡ್ ವಂಶಕ್ಕೆ ಸೇರಿದುದು. ಹೂವಿನ ಎಸಳುಗಳ ಮೇಲೆ ಕಂದುಬಣ್ಣದ ಚೌಕಳಿಯುಂಟು.

ಮರದ ರಸವನ್ನು ಹೀರುವುದೆಂದು ಭಾವಿಸಿ ಹಲವರು ಇದನ್ನು ಕಿತ್ತೆಸೆಯುತ್ತಾರೆ. ಈ ಅಪವಾದ ಹಳೆಯದು. ಸಂಸ್ಕೃತದ ‘ವಂದಾ’ ಶಬ್ದಕ್ಕೆ ಬಂದಳಿಕೆಯೆಂದೇ ಅರ್ಥ. ಸರ್ ವಿಲಿಯಂ ಜೋನ್ಸನು ಆ ಶಬ್ದವನ್ನು ಸಸ್ಯಶಾಸ್ತ್ರಕ್ಕೆ ತಂದನು. 1820ರಲ್ಲಿ ರಾಬರ್ಟ್ ಬ್ರೌನನು ಅದನ್ನು ಕುಲನಾಮವಾಗಿ ಪ್ರಕಟಿಸಿದನು. ಹೀಗೆ ನಿರಪರಾಧಿಗೆ ಅಪರಾಧಿಯ ಹೆಸರೇ ಅಂಟಿತು.

ನಿಜವಾದ ಬಂದಳಿಕೆಯು ತನ್ನ ಹೀರುಬೇರನ್ನು ಕೊಂಬೆಯೊಳಕ್ಕೆ ಇಳಿಸಿ ನೀರನ್ನೂ ಲವಣಗಳನ್ನೂ ಕದಿಯುತ್ತದೆ. ಅದು ಸೇರಿದೆಡೆಯಲ್ಲಿ ಕೊಂಬೆ ಗಂಟುಗಟ್ಟಿರುತ್ತದೆ. ಮರಬಾಳೆಯ ಬೇರುಗಳಾದರೋ ತೊಗಟೆಯ ಮೇಲೆಯೇ ಹರಿಯುತ್ತವೆ. ಕೆಲವು ಗಾಳಿಯಲ್ಲಿ ಜೋತಾಡುತ್ತವೆ. ಬೇರಿನ ಸುತ್ತ ಸತ್ತ ಕೋಶಗಳ ಬಿಳಿಯ ಪೊರೆಯೊಂದಿದೆ. ಮಳೆ ಬಿದ್ದೊಡನೆ ಅದು ಸ್ಪಂಜಿನಂತೆ ನೀರು ಹೀರಿ, ಒಳಗಿನ ಹಸಿರನ್ನು ತೋರಿಸುತ್ತದೆ. ಬೇಸಗೆಯ ಹಗಲಿನಲ್ಲಿ ತೇವ ಪೋಲಾಗದಂತೆ ಎಲೆಯ ರಂಧ್ರಗಳು ಮುಚ್ಚಿರುತ್ತವೆ. ಅವು ರಾತ್ರಿ ತೆರೆದು ಇಂಗಾಲಾಮ್ಲ ವಾಯುವನ್ನು ಒಳಗೊಳ್ಳುತ್ತವೆ. ಅದನ್ನು ಆಮ್ಲರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಗಿಡವು ಆಹಾರವನ್ನು ತಯಾರಿಸಿಕೊಳ್ಳುತ್ತದೆ.

ಅಪ್ಪುಗಿಡಕ್ಕೆ ಬೇಕಾದುದು ಆಸರೆಯೇ ಹೊರತು ಆಹಾರವಲ್ಲವೆಂಬುದಕ್ಕೆ ಅಮೆರಿಕ ಖಂಡದ ಟಿಲ್ಲಾಂಡ್ಸಿಯಾ ರಿಕರ್ವಾಟಾ ಎಂಬ ಪುಟ್ಟ ಗಿಡವೇ ಸಾಕ್ಷಿ. ಅದು ವಿದ್ಯುತ್ ತಂತಿಯ ಮೇಲೂ ಬೆಳೆಯುತ್ತದೆ. ಅದರ ಬೇರು ಹಿಡಿದುಕೊಳ್ಳುವುದಕ್ಕೆ ಮಾತ್ರ. ನೀರನ್ನು ಹೀರುವುದು ಎಲೆಗಳ ಮೇಲಿನ ಸೂಕ್ಷ್ಮ ಹೊರಪೆಗಳು. ತಂತಿಯಲ್ಲಿ ಕದಿಯಲು ರಸವೆಲ್ಲಿಯದು?

ಮರಬಾಳೆಯ ಬೀಜ ಧೂಳಿನಷ್ಟು ಸಣ್ಣದು. ಅದರಲ್ಲಿ ಆಹಾರದ ಸಂಗ್ರಹವಿಲ್ಲ. ತಕ್ಕ ಶಿಲೀಂಧ್ರವು ಜೊತೆಗೂಡಿದರೆ ಮಾತ್ರ ಮೊಳೆಯುತ್ತದೆ. ಮೊಳೆತದ್ದು ಹೂಬಿಡಲು ವರ್ಷಗಳೇ ಬೇಕು. ಆದುದರಿಂದ ಒಮ್ಮೆ ಕಿತ್ತದ್ದು ಸುಲಭವಾಗಿ ಮರಳಿ ಬಾರದು. ತೋಟವುಳ್ಳ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ: ಮರಕ್ಕೆ ಕುಡುಗೋಲು ತಾಗಿಸುವ ಮುನ್ನ ಗಿಡದ ಬುಡವನ್ನು ನೋಡಿರಿ. ಕೊಂಬೆಯೊಳಗೆ ಇಳಿದಿದ್ದರೆ ಬಂದಳಿಕೆ, ಕತ್ತರಿಸಿರಿ. ಮೇಲೆಯೇ ಹಬ್ಬಿದ್ದರೆ ಮರಬಾಳೆ, ಬಾಳಗೊಡಿರಿ.