ಜ್ವರ ನೆತ್ತಿಗೇರಿದಾಗ

ಮಗುವಿಗೆ ಎರಡು ದಿನದಿಂದ ಚಳಿಜ್ವರ. ಮೂರನೇ ದಿನ ಕೈಕಾಲು ಸೆಟೆದುಕೊಂಡವು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಕೂಗಿದರೂ ಎಚ್ಚರವಿಲ್ಲ.

“ಗಾಳಿ ಸೋಕೈತೆ, ಅಂತ್ರ ಕಟ್ಟಿಸಿ” ಅಂದರು ಒಬ್ಬರು. “ಜ್ವರ ನೆತ್ತಿಗೇರೈತೆ” ಅಂದರು ಇನ್ನೊಬ್ಬರು.

ಇಂಥ ಕಡೆ ನಿಜವಾಗಿ ಆಗುವುದೇನು? ತಿಳಿಯೋಣ ಬನ್ನಿ.

ಮಲೇರಿಯಾ ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆಯಿಂದ. ಅದು ಕಚ್ಚಿದಾಗ ರೋಗಾಣು ನಮ್ಮ ಮೈ ಸೇರುತ್ತದೆ. ಮೊದಲು ಲಿವರಿನಲ್ಲಿ ಬೆಳೆಯುತ್ತದೆ. ಆಮೇಲೆ ರಕ್ತದ ಕೆಂಪು ಕಣಗಳ ಒಳಗೆ ನುಗ್ಗುತ್ತದೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ಮಲೇರಿಯಾ. ಒಂದು ವೈವಾಕ್ಸ್, ಇನ್ನೊಂದು ಫಾಲ್ಸಿಪೆರಮ್. ಮಿದುಳಿಗೆ ಕೇಡು ತರುವುದು ಹೆಚ್ಚಾಗಿ ಫಾಲ್ಸಿಪೆರಮ್.

ಈ ರೋಗಾಣು ಹೊಕ್ಕ ಕೆಂಪು ಕಣ ಅಂಟಂಟಾಗುತ್ತದೆ. ಮಿದುಳಿನಲ್ಲಿ ಕೂದಲಿಗಿಂತ ತೆಳುವಾದ ರಕ್ತನಾಳಗಳಿವೆ. ಅಂಟು ಕಣಗಳು ಆ ನಾಳಗಳ ಗೋಡೆಗೆ ಮೆತ್ತಿಕೊಳ್ಳುತ್ತವೆ. ದಾರಿ ಕಟ್ಟಿಹೋಗುತ್ತದೆ.

ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಬರುತ್ತದೆಯೇ? ಇಲ್ಲ. ಇಲ್ಲೂ ಹಾಗೆಯೇ. ಮಿದುಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ರಕ್ತ ಹೊತ್ತು ತರುವ ಆಮ್ಲಜನಕ ಸಾಲದಾಗುತ್ತದೆ. ಮಿದುಳು ಊದಿಕೊಳ್ಳಬಹುದು. ರಕ್ತದಲ್ಲಿ ಸಕ್ಕರೆಯೂ ಇಳಿಯಬಹುದು. ಆಗ ಪಿಟ್ಸು ಬರುತ್ತದೆ. ಎಚ್ಚರ ತಪ್ಪುತ್ತದೆ.

ಇದು ದೆವ್ವವಲ್ಲ, ಗಾಳಿಯಲ್ಲ. ರೋಗ. ಇದಕ್ಕೆ ಔಷಧಿ ಇದೆ.

ಆರ್ಟಿಸುನೇಟ್ ಎಂಬ ಇಂಜೆಕ್ಷನ್ ರಕ್ತಕ್ಕೆ ಸೇರಿ ರೋಗಾಣುವನ್ನು ಬೇಗ ಕೊಲ್ಲುತ್ತದೆ. ಇದರ ಮೂಲ ಚೀನಾ ದೇಶದ ಒಂದು ಗಿಡ. ಆ ಗಿಡದ ಗುಣ ಕಂಡುಹಿಡಿದವರು ತು ಯೂಯೂ ಎಂಬ ಮಹಿಳೆ. ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂತು.

ಆದರೆ ತಡಮಾಡಬಾರದು. ತಡವಾದರೆ ಜೀವಕ್ಕೇ ಅಪಾಯ. ಬದುಕಿ ಉಳಿದ ಕೆಲವು ಮಕ್ಕಳಿಗೂ ಪಿಟ್ಸು, ಮಾತಿನ ತೊಂದರೆ, ಕಲಿಯುವ ಕಷ್ಟ ಉಳಿದುಬಿಡುತ್ತದೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಅಪಾಯ ಇನ್ನೂ ಹೆಚ್ಚು.

ನಾವು ಏನು ಮಾಡಬೇಕು?

1. ಚಳಿಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯನ್ನು ಕೇಳಿ. ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

2. ಕೊಟ್ಟ ಮಾತ್ರೆ ಪೂರ್ತಿ ನುಂಗಿ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬೇಡಿ.

3. ಪಿಟ್ಸು ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುತ್ತಾ, ಈರುಳ್ಳಿ ಮೂಸಿಸುತ್ತಾ ಹೊತ್ತು ಕಳೆಯಬೇಡಿ.

4. ಮಂಕು, ತೊದಲು ಮಾತು, ಪಿಟ್ಸು, ಎಚ್ಚರ ತಪ್ಪುವುದು – ಇದರಲ್ಲಿ ಒಂದು ಕಂಡರೂ ಸಾಕು, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಫೋನ್ ಮಾಡಿ. ಬೇರೆ ಮಿದುಳು ಜ್ವರಗಳಲ್ಲೂ ಹೀಗಾಗಬಹುದು. ಯಾವ ಜ್ವರವಾದರೂ ಕಾಯಬೇಡಿ.

5. ರಾತ್ರಿ ಸೊಳ್ಳೆ ಪರದೆ ಕಟ್ಟಿಕೊಳ್ಳಿ. ನೀರಿನ ತೊಟ್ಟಿ ಮುಚ್ಚಿಡಿ.

“ನಾಳೆ ನೋಡೋಣ” ಅನ್ನಬೇಡಿ. ಈ ಜ್ವರ ನಾಳೆವರೆಗೆ ಕಾಯುವುದಿಲ್ಲ.

ಓದಿ, ಉತ್ತರ ಬರೆಯಿರಿ

1. ಮಿದುಳಿಗೆ ರಕ್ತ ಹರಿಯದಂತೆ ತಡೆಯುವುದು ಯಾವುದು?

2. ಪಿಟ್ಸು ಬಂದವರ ಬಾಯಿಗೆ ನೀರು ಹಾಕಬಹುದೇ?

3. ನಿಮ್ಮ ಊರಿನಿಂದ ಹತ್ತಿರದ ಆಸ್ಪತ್ರೆ ಎಷ್ಟು ದೂರ? ರಾತ್ರಿ ಅಲ್ಲಿಗೆ ಹೋಗುವುದು ಹೇಗೆ? ಕೂಡಿ ಮಾತಾಡಿ.