ಚಿಕ್ಕ ಎಂಜಿನ್ನನ್ನು ಪಂದ್ಯಕ್ಕೆ ಅಣಿಗೊಳಿಸುವ ಕ್ರಮ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣರಲ್ಲಿ ಮೋಟಾರ್ ಸೈಕಲಿನ ಹುಚ್ಚು ಹಿಡಿದವರು ಕೆಲವರಿದ್ದಾರೆ. ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು ಉಳಿಸಿದ ಹಣದಿಂದ ಹಳೆಯ ಗಾಡಿಯೊಂದನ್ನು ಕೊಂಡು, ಇದರ ವೇಗವನ್ನು ಹೆಚ್ಚಿಸುವುದು ಹೇಗೆ ಎಂದು ಕೇಳುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರವನ್ನು ಗ್ಯಾರೇಜಿನ ಹರಟೆಯಿಂದ ಪಡೆದರೆ ಹಣವೂ ಹೋಗುತ್ತದೆ, ಎಂಜಿನ್ನೂ ಹೋಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಆದ್ದರಿಂದ ಈ ವಿಷಯವನ್ನು ಲೆಕ್ಕದೊಡನೆ ಕ್ರಮವಾಗಿ ನೋಡೋಣ.

1. ಶಕ್ತಿಯ ಮೂಲ

ಹೀರೋ ಹೊಂಡಾ ಸಿ.ಡಿ. 100 ಗಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು 1985ರಲ್ಲಿ ನಮ್ಮ ದೇಶದ ಪೇಟೆಗೆ ಬಂದಿತು. ಆ ಹೆಸರಿನ ಗಾಡಿ ಈಗ ತಯಾರಾಗದಿದ್ದರೂ ಅದೇ ಅಳತೆಯ ಎಂಜಿನ್ನುಳ್ಳ ಗಾಡಿಗಳು ಮುಂಬಯಿಯ ಯಾವ ಗಲ್ಲಿಯಲ್ಲಿಯೂ ಕಾಣಸಿಗುತ್ತವೆ. ಸಿಲಿಂಡರಿನ ಒಳವ್ಯಾಸ 50 ಮಿ.ಮೀ.; ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 49.5 ಮಿ.ಮೀ.; ಗಾತ್ರ 97.2 ಸಿ.ಸಿ.

ನಾಲ್ಕು ಸ್ಟ್ರೋಕಿನ ಎಂಜಿನ್ನು ಮೊದಲು ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಹೀರುತ್ತದೆ, ಅನಂತರ ಒತ್ತುತ್ತದೆ, ಮೂರನೆಯದಾಗಿ ಉರಿಸುತ್ತದೆ, ಕೊನೆಗೆ ಹೊಗೆಯನ್ನು ಹೊರಹಾಕುತ್ತದೆ. ಎರಡು ಸುತ್ತಿಗೆ ಒಂದೇ ಸಲ ಶಕ್ತಿ. ನಿಮಿಷಕ್ಕೆ 8000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ ಸುಮಾರು 67 ಸಲ ಉಸಿರೆಳೆಯುತ್ತದೆ. ಶಕ್ತಿಯನ್ನು ಹೆಚ್ಚಿಸುವ ದಾರಿಗಳು ಮೂರೇ: ಒಂದೊಂದು ಉಸಿರಿನಲ್ಲಿ ಹೆಚ್ಚು ಮಿಶ್ರಣವನ್ನು ತುಂಬುವುದು; ತುಂಬಿದ್ದನ್ನು ಚೆನ್ನಾಗಿ ಉರಿಸುವುದು; ಉಸಿರಿನ ಸಂಖ್ಯೆಯನ್ನು ಹೆಚ್ಚಿಸುವುದು. ಉಳಿದದ್ದೆಲ್ಲ ಇವುಗಳ ವಿವರ.

2. ಕಳೆದುಹೋದದ್ದನ್ನು ಮೊದಲು ಹುಡುಕಿರಿ

ಹಳೆಯ ಗಾಡಿಗೆ ಹೊಸ ಶಕ್ತಿಯನ್ನು ಸೇರಿಸುವ ಮುಂಚೆ, ಕಂಪೆನಿ ಕೊಟ್ಟ ಶಕ್ತಿಯೇ ಉಳಿದಿದೆಯೇ ಎಂದು ನೋಡತಕ್ಕದ್ದು. ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ಟಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು, ಕೈಪಿಡಿಯಲ್ಲಿರುವಂತೆ ಸರಿಪಡಿಸಿರಿ. ಸಂದು ಕಡಿಮೆಯಾದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ; ಹೆಚ್ಚಾದರೆ ಪೂರ್ತಿ ತೆರೆಯುವುದಿಲ್ಲ.

ಬಳಿಕ ಪ್ಲಗ್ಗನ್ನು ತೆಗೆದು, ಆ ತೂತಿಗೆ ಒತ್ತಡದ ಗೇಜನ್ನು ಜೋಡಿಸಿ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಕಿಕ್ ಹೊಡೆಯಿರಿ. ಒತ್ತಡ ಕಡಿಮೆ ಬಂದರೆ ತೂತಿನಲ್ಲಿ ಒಂದು ಚಮಚ ಎಣ್ಣೆ ಹಾಕಿ ಮತ್ತೊಮ್ಮೆ ನೋಡಿರಿ. ಈಗ ಏರಿದರೆ ಪಿಸ್ಟನ್ನಿನ ರಿಂಗು ಸವೆದಿದೆ. ಏರದಿದ್ದರೆ ಬಹುಮಟ್ಟಿಗೆ ವಾಲ್ವು ಸೋರುತ್ತಿದೆ. ಬ್ರೇಕು ಹಿಡಿದುಕೊಂಡಿದೆಯೇ, ಚೈನು ಬಿಗಿಯಾಗಿದೆಯೇ, ಟಯರಿನಲ್ಲಿ ಗಾಳಿ ಇದೆಯೇ ಎಂಬುದನ್ನೂ ನೋಡಿರಿ. ಇಷ್ಟಕ್ಕೆ ಖರ್ಚು ಅಲ್ಪ. ಆದರೆ ಹಳೆಯ ಗಾಡಿಗೆ ಇದರಿಂದ ಆಗುವ ಲಾಭ ಚೋರ್ ಬಜಾರಿನಿಂದ ತಂದ ಯಾವ ಬಿಡಿಭಾಗದಿಂದಲೂ ಆಗಲಾರದು.

3. ಒತ್ತಡದ ಲೆಕ್ಕ

ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಉರಿಯ ಲಾಭ ಹೆಚ್ಚು. ಒತ್ತಡದ ಪ್ರಮಾಣ 9ಕ್ಕೆ 1 ಎಂದಿಟ್ಟುಕೊಳ್ಳೋಣ. ಆಗ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ 97.2ನ್ನು 8ರಿಂದ ಭಾಗಿಸಿದಷ್ಟು, ಅಂದರೆ 12.15 ಸಿ.ಸಿ. ಪ್ರಮಾಣವನ್ನು 10ಕ್ಕೆ ಏರಿಸಬೇಕಾದರೆ ಅದು 10.8 ಸಿ.ಸಿ. ಆಗಬೇಕು. ಈ 1.35 ಸಿ.ಸಿ. ತಗ್ಗಿಸಲು ಹೆಡ್ಡಿನ ಮುಖವನ್ನು ಸುಮಾರು 0.7 ಮಿ.ಮೀ. ಕೆತ್ತಿಸಬೇಕು.

ತತ್ತ್ವದ ಲೆಕ್ಕದಲ್ಲಿ ಇದರ ಲಾಭ ನೂರಕ್ಕೆ ಮೂರರಷ್ಟು ಮಾತ್ರ. ಅಪಾಯಗಳಾದರೋ ಮೂರು: ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಕ್ಯಾಮಿನ ಚೈನು ಸಡಿಲಗೊಂಡು ವಾಲ್ವು ತೆರೆಯುವ ವೇಳೆ ತಪ್ಪುತ್ತದೆ, ಮಿಶ್ರಣ ಅಕಾಲದಲ್ಲಿ ಸಿಡಿದು ಟಕಟಕ ಸದ್ದು ಬರುತ್ತದೆ. ಹೆಡ್ಡನ್ನು ಕೆತ್ತಿಸಿದವರು ಪಿಸ್ಟನ್ನಿನ ಮೇಲೆ ಮಕ್ಕಳು ಆಡುವ ಮೆತ್ತನೆಯ ಮಣ್ಣನ್ನು ಇಟ್ಟು, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಅದರ ಮೇಲೆ ಬಿದ್ದ ವಾಲ್ವಿನ ಅಚ್ಚಿನ ದಪ್ಪವನ್ನು ಅಳೆಯದೆ ಕಿಕ್ ಹೊಡೆಯಕೂಡದು.

4. ಗಾಳಿ ಮತ್ತು ಪೆಟ್ರೋಲು

ಒಂದು ತೂಕ ಪೆಟ್ರೋಲು ಪೂರ್ತಿ ಉರಿಯಲು 14.7 ತೂಕ ಗಾಳಿ ಬೇಕು. ಆದರೆ ಹೆಚ್ಚಿನ ಶಕ್ತಿ ಸಿಗುವುದು ಗಾಳಿ 12.5ರಿಂದ 13ರಷ್ಟಿರುವಾಗ. ಕಾರ್ಬ್ಯುರೇಟರಿನ ಮುಖ್ಯ ಜೆಟ್ಟು ಇದನ್ನು ನಿರ್ಧರಿಸುತ್ತದೆ. ಪೂರ್ತಿ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಒಮ್ಮೆಲೇ ಎಂಜಿನ್ ನಿಲ್ಲಿಸಿ ಪ್ಲಗ್ಗನ್ನು ನೋಡಿರಿ. ಹಾಲು ಹೆಚ್ಚಿದ ಕಾಫಿಯ ಬಣ್ಣವಿದ್ದರೆ ಸರಿ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲು ಕಡಿಮೆ. ಹಾಗೆಯೇ ಓಡಿಸಿದರೆ ಪಿಸ್ಟನ್ನು ಕರಗಬಹುದು.

ಸೈಲೆನ್ಸರನ್ನು ಕಿತ್ತು, ಗಾಳಿಯ ಫಿಲ್ಟರನ್ನು ಎಸೆದು ಓಡಿಸುವವರಿಗೆ ಸದ್ದು ಹೆಚ್ಚುತ್ತದೆಯೇ ವಿನಾ ಶಕ್ತಿ ಹೆಚ್ಚುವ ಭರವಸೆಯಿಲ್ಲ. ಮಿಶ್ರಣ ಕೆಡುತ್ತದೆ, ನಮ್ಮ ಊರಿನ ಧೂಳು ಸಿಲಿಂಡರನ್ನು ತೇಯುತ್ತದೆ. ಇನ್ನೊಂದು ವಿಷಯ: ಮುಂಬಯಿ ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ನೂರಕ್ಕೆ ಒಂಬತ್ತರಷ್ಟು ತೆಳುವಾದ್ದರಿಂದ ಇಲ್ಲಿ ಸರಿಹೊಂದಿದ ಜೆಟ್ಟು ಅಲ್ಲಿ ದೊಡ್ಡದಾಗುತ್ತದೆ.

5. ಹಲ್ಲಿನ ಲೆಕ್ಕ

ಎಂಜಿನ್ನನ್ನು ಬಿಚ್ಚದೆ ಆಗುವ ಸುಧಾರಣೆ ಇದು. ಮುಂದಿನ ಚಕ್ರಕ್ಕೆ 14 ಹಲ್ಲು, ಹಿಂದಿನದಕ್ಕೆ 42 ಇದ್ದರೆ ಪ್ರಮಾಣ 3. ಹಿಂದಿನದನ್ನು 45 ಮಾಡಿದರೆ 3.21. ಎಳೆತ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ, ಅಷ್ಟೇ ಸುತ್ತಿನಲ್ಲಿ ವೇಗ ಆ ಮೇರೆಗೆ ತಗ್ಗುತ್ತದೆ. ತಿರುವು ಹೆಚ್ಚಿದ್ದಲ್ಲಿ ಎಳೆತ ಬೇಕು, ನೇರ ದಾರಿ ಉದ್ದವಿದ್ದಲ್ಲಿ ವೇಗ ಬೇಕು.

6. ಎಲ್ಲಿ ನಿಲ್ಲಿಸಬೇಕು?

8000 ಸುತ್ತಿನಲ್ಲಿ ಈ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 13.2 ಮೀಟರ್, 10,000 ಸುತ್ತಿನಲ್ಲಿ 16.5. ವೇಗ ಕಾಲುಭಾಗ ಮಾತ್ರ ಹೆಚ್ಚಿತು. ಆದರೆ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಒಂದೂವರೆ ಪಟ್ಟಿಗೂ ಮೀರಿತು. ಕಂಪೆನಿಯ ಬೇರಿಂಗು, ವಾಲ್ವಿನ ಸ್ಪ್ರಿಂಗು ಆ ಭಾರಕ್ಕೆ ಮಾಡಿದವಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಅದೇ ಹಾದಿ, ಅದೇ ಸವಾರ, ಮೂರು ಸುತ್ತಿನ ಸರಾಸರಿ ವೇಳೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ಗಿರಣಿಯ ಖಾತೆಯಲ್ಲಿ ಎರಡು ಬಾಬತ್ತುಗಳನ್ನು ಒಂದೇ ಸಾಲಿಗೆ ತುರುಕಿದರೆ ಲಾಭ ಯಾವುದು, ನಷ್ಟ ಯಾವುದು ಎಂದು ತಿಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ.

1959ರಲ್ಲಿ ಹೊಂಡಾ ಕಂಪೆನಿ ಮೊತ್ತಮೊದಲು ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯಕ್ಕೆ 125 ಸಿ.ಸಿ. ಗಾಡಿಗಳನ್ನು ತಂದಾಗ ಅದಕ್ಕೆ ಸಿಕ್ಕಿದ ಅತ್ಯುತ್ತಮ ಸ್ಥಾನ ಆರನೆಯದು. ಆದರೂ ಗಾಡಿಗಳು ಕೆಡದೆ ಗುರಿ ಮುಟ್ಟಿದ್ದರಿಂದ ತಂಡದ ಬಹುಮಾನ ಅದಕ್ಕೇ ದೊರೆಯಿತು. 1961ರಲ್ಲಿ 125, 250 ಎರಡೂ ವರ್ಗಗಳನ್ನು ಅದು ಗೆದ್ದಿತು. ನಮ್ಮ ಉಡುಪಿಯ ಕೆ. ಪಿ. ಅರವಿಂದರು ಕಠಿನವಾದ ಡಾಕರ್ ರ‍್ಯಾಲಿಯನ್ನು 2019ರಲ್ಲಿ, ಮೂರನೆಯ ಪ್ರಯತ್ನದಲ್ಲಿ, ಪೂರ್ತಿಗೊಳಿಸಿ 37ನೆಯವರಾದರು. ಗುರಿ ಮುಟ್ಟುವುದು ಮೊದಲ ಗೆಲುವು.

7. ಎಲ್ಲಿ ಓಡಿಸಬೇಕು?

ಮದರಾಸಿನ ಬಳಿಯ ಶೋಲಾವರಂ ವಿಮಾನದ ಹಾದಿಯಲ್ಲಿ ಹಿಂದೆ ಪಂದ್ಯಗಳು ನಡೆಯುತ್ತಿದ್ದವು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಪಂದ್ಯಕ್ಕೆಂದೇ ಹಾದಿಯಾಯಿತು. 2003ರಲ್ಲಿ ಕೊಯಮತ್ತೂರಿನ ಬಳಿ ಕರಿ ಸ್ಪೀಡ್‌ವೇ ತೆರೆಯಿತು. ಪಂದ್ಯ ನಡೆಯಬೇಕಾದದ್ದು ಇಂಥ ಕಡೆ, ನಿಯಮದಂತೆ, ಲೈಸೆನ್ಸು ಪಡೆದು. ಬಾಂದ್ರಾ ರೆಕ್ಲಮೇಶನ್ನಿನಲ್ಲಿ ನಡುರಾತ್ರಿಯ ಜಿದ್ದು ಪಂದ್ಯವಲ್ಲ. ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ಹೂಡಿದರೆ, 2019ರ ತಿದ್ದುಪಡಿಯಂತೆ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ತಿಂಗಳು ತಿಂಗಳು ಊರಿಗೆ ಹಣ ಕಳುಹಿಸುವ ಮಗ ಆಸ್ಪತ್ರೆ ಸೇರಿದರೆ ಮನೆಯವರಿಗೆ ಆಗುವ ದಂಡ ಯಾವ ಕಾಯಿದೆಯಲ್ಲಿಯೂ ಬರೆದಿಲ್ಲ.

ಅಭ್ಯಾಸ

ಮೇಲಿನ ಸಿಲಿಂಡರನ್ನು ಕೊರೆಸಿ ಒಳವ್ಯಾಸವನ್ನು 50.5 ಮಿ.ಮೀ. ಮಾಡಿದರೆ ಗಾತ್ರವೆಷ್ಟು? 51 ಮಿ.ಮೀ. ಮಾಡಿದರೆ ಎಷ್ಟು? 100 ಸಿ.ಸಿ. ಮೀರಬಾರದೆಂಬ ನಿಯಮವಿರುವ ಪಂದ್ಯಕ್ಕೆ ಯಾವುದು ಸಲ್ಲುತ್ತದೆ?

ಉತ್ತರ: 99.1 ಮತ್ತು 101.1 ಸಿ.ಸಿ. ಸಲ್ಲುವುದು ಮೊದಲನೆಯದು ಮಾತ್ರ. ಆದ್ದರಿಂದ ಕೊರೆಸುವ ಮುಂಚೆ ನಿಯಮಾವಳಿಯನ್ನು ಓದಿರಿ.